ಜಾಲತಾಣದ ಬರಹಕ್ಕೂ ಲೆಟರ್‌ಹೆಡ್ಡಿನ ಜವಾಬ್ದಾರಿ

ವ್ಯಾಪಾರಕ್ಕೂ ಬರವಣಿಗೆಗೂ ಇರುವ ನಂಟು ಇಂದು ನಿನ್ನೆಯದಲ್ಲ. ಕಿರ್ದಿ, ಖತಾವಣಿ, ಹುಂಡಿ, ದರಪಟ್ಟಿ, ಬಾಕಿಯ ನೆನಪೋಲೆ ಇವೆಲ್ಲವೂ ಬರವಣಿಗೆಯೇ. ಒಂದು ಕಾಲದಲ್ಲಿ ಪೇಟೆಯ ಧಾರಣೆ ಅಂಚೆ ಕಾರ್ಡಿನ ಮೇಲೆ ಊರಿಂದೂರಿಗೆ ಸಾಗುತ್ತಿತ್ತು. ತುರ್ತಾದರೆ ತಂತಿ ಕಳುಹಿಸಲಾಗುತ್ತಿತ್ತು. ತಂತಿಗೆ ಪದಗಳ ಲೆಕ್ಕದಲ್ಲಿ ಶುಲ್ಕವಿದ್ದುದರಿಂದ ವರ್ತಕನು ಪ್ರತಿಯೊಂದು ಪದವನ್ನೂ ತೂಗಿ ಬರೆಯುತ್ತಿದ್ದನು. 2013ರ ಜುಲೈ ತಿಂಗಳಿನಲ್ಲಿ ನಮ್ಮ ದೇಶದಲ್ಲಿ ತಂತಿ ಸೇವೆಯೇ ನಿಂತುಹೋಯಿತು. ಇಂದು ಧಾರಣೆ, ಆರ್ಡರ್, ತಕರಾರು, ವಸೂಲಿಯ ತಗಾದೆ ಎಲ್ಲವೂ ಅಂಗೈಯಲ್ಲಿರುವ ಮೊಬೈಲ್ ಮೂಲಕವೇ ನಡೆಯುತ್ತಿವೆ. ಪದಕ್ಕೆ ಶುಲ್ಕವಿಲ್ಲವಾದ್ದರಿಂದ ತೂಗುವ ಅಭ್ಯಾಸವೂ ಕ್ಷೀಣಿಸಿದೆ.

ವಾಟ್ಸ್ಆ್ಯಪ್, ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಯೂಟ್ಯೂಬ್, ಲಿಂಕ್ಡ್‌ಇನ್ ಮುಂತಾದ ಸಾಮಾಜಿಕ ಜಾಲತಾಣಗಳು ಸಣ್ಣ ವ್ಯಾಪಾರಿಗೆ ದೊರೆತಿರುವ ಬಹು ದೊಡ್ಡ ಅನುಕೂಲವೆಂಬುದರಲ್ಲಿ ಎರಡು ಮಾತಿಲ್ಲ. ಪತ್ರಿಕಾ ಜಾಹೀರಾತಿಗೆ ಹಣ ತೆರಲಾಗದ ಗೃಹೋದ್ಯಮಿಯೂ ಇಂದು ತನ್ನ ಸರಕನ್ನು ದೂರದ ಊರಿನ ಗಿರಾಕಿಗೆ ತೋರಿಸಬಲ್ಲನು. ಆದರೆ ಈ ಅನುಕೂಲದೊಡನೆ ಒಂದು ತಪ್ಪು ಕಲ್ಪನೆಯೂ ಬೆಳೆದುಬಂದಿದೆ. ಲೆಟರ್‌ಹೆಡ್ಡಿನ ಮೇಲೆ ಬರೆದದ್ದು ವ್ಯವಹಾರ, ಮೊಬೈಲಿನಲ್ಲಿ ಬರೆದದ್ದು ಮಾತುಕತೆ ಎಂಬುದೇ ಆ ಕಲ್ಪನೆ. ಕಾನೂನಿನ ದೃಷ್ಟಿಯಲ್ಲಾಗಲಿ ತೆರಿಗೆ ಇಲಾಖೆಯ ದೃಷ್ಟಿಯಲ್ಲಾಗಲಿ ಇಂತಹ ಭೇದವಿಲ್ಲ. ಲೆಟರ್‌ಹೆಡ್ಡಿನ ಮೇಲೆ ಬರೆದು ಸಹಿ ಹಾಕಲು ಹಿಂಜರಿಯುವ ಮಾತನ್ನು ಜಾಲತಾಣದಲ್ಲಿಯೂ ಬರೆಯಬಾರದು ಎಂಬ ಒಂದೇ ಸೂತ್ರವನ್ನು ಸದಸ್ಯರ ಗಮನಕ್ಕೆ ತರುವುದು ಪ್ರಸ್ತುತ ಲೇಖನದ ಉದ್ದೇಶ.

ಬರೆದದ್ದು ಕರಾರಾಗುವ ಬಗೆ

ವಾಣಿಜ್ಯ ಪದವಿ ಪಡೆದವರೆಲ್ಲರೂ ಎರಡು ಹಳೆಯ ಮೊಕದ್ದಮೆಗಳನ್ನು ಓದಿರುತ್ತಾರೆ. ಎರಡೂ 1893ರ ಇಂಗ್ಲೆಂಡಿನ ಕಾನೂನು ವರದಿಗಳಲ್ಲಿ ಪ್ರಕಟವಾದವು. ಮೊದಲನೆಯದು ಹಾರ್ವೆ ಮತ್ತು ಫೇಸಿ ಮೊಕದ್ದಮೆ. ಜಮೈಕಾದ ಒಂದು ಆಸ್ತಿಯನ್ನು ಮಾರುವಿರಾ, ಕನಿಷ್ಠ ಬೆಲೆ ತಿಳಿಸಿ ಎಂದು ತಂತಿ ಹೋಯಿತು. ಕನಿಷ್ಠ ಬೆಲೆ 900 ಪೌಂಡ್ ಎಂದು ಮರುತಂತಿ ಬಂತು. ಒಪ್ಪಿದೆವು ಎಂದು ಕೊಳ್ಳುವವರು ಮತ್ತೆ ತಂತಿ ಕಳುಹಿಸಿದರು. ಇಲ್ಲಿ ಕರಾರು ಏರ್ಪಟ್ಟಿಲ್ಲ, ಬೆಲೆ ತಿಳಿಸಿದ ಮಾತ್ರಕ್ಕೆ ಮಾರುವ ಪ್ರಸ್ತಾವವಾಗದು ಎಂದು ಪ್ರಿವಿ ಕೌನ್ಸಿಲ್ ತೀರ್ಮಾನಿಸಿತು. ಎರಡನೆಯದು ಕಾರ್ಲಿಲ್ ಮತ್ತು ಕಾರ್ಬಾಲಿಕ್ ಸ್ಮೋಕ್ ಬಾಲ್ ಕಂಪನಿಯ ಮೊಕದ್ದಮೆ. ತಮ್ಮ ಔಷಧವನ್ನು ಸೂಚನೆಯಂತೆ ಬಳಸಿಯೂ ಇನ್‌ಫ್ಲುಯೆಂಜಾ ಬಂದವರಿಗೆ 100 ಪೌಂಡ್ ಕೊಡುವುದಾಗಿಯೂ, ಅದಕ್ಕಾಗಿ ಬ್ಯಾಂಕಿನಲ್ಲಿ 1,000 ಪೌಂಡ್ ಇಟ್ಟಿರುವುದಾಗಿಯೂ ಕಂಪನಿ ಜಾಹೀರಾತು ನೀಡಿತ್ತು. ಅದು ಬರಿಯ ಪ್ರಚಾರದ ಮಾತು ಎಂಬ ವಾದವನ್ನು ನ್ಯಾಯಾಲಯ ಒಪ್ಪಲಿಲ್ಲ. ಕಂಪನಿ ಹಣ ತೆರಬೇಕಾಯಿತು.

ಬರಿಯ ಬೆಲೆ ತಿಳಿಸುವುದಕ್ಕೂ ಖಚಿತವಾದ ಮಾತು ಕೊಡುವುದಕ್ಕೂ ಇರುವ ವ್ಯತ್ಯಾಸವನ್ನು ಈ ಎರಡು ತೀರ್ಪುಗಳು ತೋರಿಸುತ್ತವೆ. ನಮ್ಮ 1872ರ ಭಾರತೀಯ ಕರಾರು ಕಾಯಿದೆಯ ಮೂಲತತ್ತ್ವವೂ ಇದೇ: ಪ್ರಸ್ತಾವ ಮತ್ತು ಸ್ವೀಕಾರ ಕೂಡಿದಾಗ ಒಪ್ಪಂದ. ಅದು ಯಾವ ಮಾಧ್ಯಮದಲ್ಲಿ ನಡೆಯಿತೆಂಬುದು ಗೌಣ. ವಿದ್ಯುನ್ಮಾನ ರೂಪದಲ್ಲಿ ನಡೆಯಿತೆಂಬ ಒಂದೇ ಕಾರಣಕ್ಕೆ ಕರಾರು ಅಸಿಂಧುವಾಗದು ಎಂದು 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯ 10ಎ ಕಲಂ ಸ್ಪಷ್ಟಪಡಿಸಿದೆ. ಈ ಕಲಂ 2008ರ ತಿದ್ದುಪಡಿಯ ಮೂಲಕ ಸೇರ್ಪಡೆಯಾಯಿತು.

2010ರಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯದ ಮುಂದೆ ಟ್ರೈಮೆಕ್ಸ್ ಇಂಟರ್‌ನ್ಯಾಷನಲ್ ಮತ್ತು ವೇದಾಂತ ಅಲ್ಯೂಮಿನಿಯಂ ನಡುವಿನ ಪ್ರಕರಣ ಬಂದಿತ್ತು. ಬಾಕ್ಸೈಟ್ ಅದಿರಿನ ಪೂರೈಕೆಯ ವಿಷಯ. ಪ್ರಸ್ತಾವವೂ ಸ್ವೀಕಾರವೂ ಇ-ಮೇಲ್ ಮೂಲಕವೇ ನಡೆದಿದ್ದವು. ವಿಧ್ಯುಕ್ತ ಕರಾರು ಪತ್ರಕ್ಕೆ ಸಹಿಯಾಗಿರಲಿಲ್ಲ. ಮುಖ್ಯ ಷರತ್ತುಗಳೆಲ್ಲವೂ ಇ-ಮೇಲ್‌ಗಳಲ್ಲಿ ನಿರ್ಧಾರವಾಗಿದ್ದುದರಿಂದ ಕರಾರು ಪೂರ್ಣಗೊಂಡಿದೆ ಎಂದು ನ್ಯಾಯಾಲಯ ಹೇಳಿತು.

ಕೆನಡಾ ದೇಶದ ಸಸ್ಕಾಚೆವಾನ್ ಪ್ರಾಂತದ ಪ್ರಕರಣ ಧಾನ್ಯ ವರ್ತಕರಿಗೆ ಇನ್ನೂ ಹತ್ತಿರವಾದದ್ದು. 2021ರಲ್ಲಿ ಅಲ್ಲಿನ ಧಾನ್ಯ ಖರೀದಿ ಸಂಸ್ಥೆಯೊಂದು ಸುಮಾರು 86 ಟನ್ ಅಗಸೆ ಖರೀದಿಯ ಕರಾರು ಪತ್ರದ ಚಿತ್ರವನ್ನು ರೈತರೊಬ್ಬರ ಮೊಬೈಲಿಗೆ ಕಳುಹಿಸಿ ದೃಢಪಡಿಸುವಂತೆ ಕೋರಿತು. ರೈತರು ಹೆಬ್ಬೆರಳೆತ್ತಿದ ಚಿಹ್ನೆಯೊಂದನ್ನು ಮಾತ್ರ ಉತ್ತರವಾಗಿ ಕಳುಹಿಸಿದರು. ಸುಗ್ಗಿಯ ಹೊತ್ತಿಗೆ ಅಗಸೆಯ ಬೆಲೆ ಬಹಳವಾಗಿ ಏರಿತ್ತು; ಮಾಲು ಬರಲಿಲ್ಲ. ಪತ್ರ ತಲುಪಿತೆಂದು ತಿಳಿಸಲಷ್ಟೇ ಆ ಚಿಹ್ನೆ ಎಂದು ರೈತರು ವಾದಿಸಿದರು. ಆದರೆ ಹಿಂದಿನ ಕರಾರುಗಳನ್ನೂ ಅವರು ಇದೇ ರೀತಿ ಒಂದೆರಡು ಪದಗಳ ಉತ್ತರದಲ್ಲಿಯೇ ಒಪ್ಪಿ ನೆರವೇರಿಸಿದ್ದರು. ಇದನ್ನು ಗಮನಿಸಿದ ನ್ಯಾಯಾಲಯವು 2023ರಲ್ಲಿ ಆ ಚಿಹ್ನೆಯನ್ನು ಸಮ್ಮತಿಯೆಂದೇ ಪರಿಗಣಿಸಿ 82,000 ಕೆನಡಾ ಡಾಲರ್‌ಗೂ ಮೀರಿದ ಪರಿಹಾರ ವಿಧಿಸಿತು. 2024ರಲ್ಲಿ ಮೇಲ್ಮನವಿಯಲ್ಲಿಯೂ ಅದು ಎತ್ತಿಹಿಡಿಯಲ್ಪಟ್ಟಿತು. ಈ ತೀರ್ಪು ನಮ್ಮ ನ್ಯಾಯಾಲಯಗಳನ್ನು ಬಂಧಿಸುವುದಿಲ್ಲ. ಆದರೆ ಕೊಟೇಶನ್ ಬಂದೊಡನೆ ಯೋಚಿಸದೆ ಹೆಬ್ಬೆರಳೊತ್ತುವ ಅಭ್ಯಾಸ ನಮ್ಮ ಪೇಟೆಗಳಲ್ಲಿಯೂ ಇದೆಯೆಂಬುದನ್ನು ಮರೆಯಲಾಗದು.

ಸಾಕ್ಷ್ಯದ ವಿಷಯದಲ್ಲಿಯೂ ಒಂದು ಮಾತು. ವಾಟ್ಸ್ಆ್ಯಪ್‌ನಲ್ಲಿ ಕಳುಹಿಸಿದ ನೋಟಿಸು ತಲುಪಿ, ನೀಲಿ ಗುರುತು ಬಿದ್ದುದನ್ನು ಬಾಂಬೆ ಉಚ್ಚ ನ್ಯಾಯಾಲಯ 2018ರ ಪ್ರಕರಣವೊಂದರಲ್ಲಿ ಜಾರಿಯೆಂದು ಒಪ್ಪಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ ವಿದ್ಯುನ್ಮಾನ ದಾಖಲೆಯ ಪ್ರತಿಯನ್ನು ಹಾಜರುಪಡಿಸುವಾಗ ನಿಗದಿತ ನಮೂನೆಯ ಪ್ರಮಾಣಪತ್ರವೂ ಬೇಕು. ಪರದೆಯ ಚಿತ್ರವನ್ನು ಮುದ್ರಿಸಿ ಫೈಲಿನಲ್ಲಿಟ್ಟರೆ ಸಾಲದು. ಮೂಲ ಸಂದೇಶ ಮತ್ತು ಅದಿರುವ ಉಪಕರಣವನ್ನು ಕಾಪಾಡಿಕೊಳ್ಳಬೇಕು. ನಾವು ಅಳಿಸಿದ ಸಂದೇಶ ಎದುರು ಪಕ್ಷದವರ ಬಳಿ ಉಳಿದಿರಬಹುದೆಂಬುದೂ ನೆನಪಿರಲಿ.

ದರ ತಿಳಿಸುವ ಬರಹ

ಇಷ್ಟು ತಿಳಿದ ಮೇಲೆ ದರವನ್ನು ಹೇಗೆ ಬರೆಯಬೇಕೆಂಬುದು ಸುಲಭವಾಗುತ್ತದೆ. "ಹೋಲ್‌ಸೇಲ್ ಟವೆಲ್, ಅತ್ಯಂತ ಕಡಿಮೆ ದರ, ಕೂಡಲೇ ಸಂಪರ್ಕಿಸಿ" ಎಂಬ ಪ್ರಕಟಣೆಯಿಂದ ಗಿರಾಕಿಗೆ ಏನೂ ತಿಳಿಯದು. ಹತ್ತು ಜನ ಕರೆಮಾಡಿ ಒಂಬತ್ತು ಜನ ಕೈಬಿಡುತ್ತಾರೆ. ಅದರ ಬದಲಿಗೆ ಹೀಗೆ ಬರೆಯಬಹುದು:

"ಕೈಮಗ್ಗದ ಹತ್ತಿ ಟವೆಲ್. ಅಳತೆ 30 × 60 ಅಂಗುಲ. ವರ್ತಕರಿಗೆ ಡಜನ್ನಿಗೆ ರೂ. 1,800. ಜಿ.ಎಸ್.ಟಿ. ಪ್ರತ್ಯೇಕ. ಸಾಗಾಟ ವೆಚ್ಚ ಖರೀದಿದಾರರದು. ಕನಿಷ್ಠ ಆರ್ಡರ್ 10 ಡಜನ್. ಮುಂಗಡ ಶೇ. 50. ಈ ದರ ತಿಂಗಳ 25ರ ಸಂಜೆ 6 ಗಂಟೆಯವರೆಗೆ, ದಾಸ್ತಾನು ಇರುವ ತನಕ. ನಮ್ಮ ಲಿಖಿತ ದೃಢೀಕರಣದ ನಂತರವೇ ಆರ್ಡರ್ ಅಂತಿಮ."

ಇಲ್ಲಿ ಮಾಲಿನ ವಿವರ, ಅಳತೆ, ದರ, ತೆರಿಗೆ, ಸಾಗಾಟ, ಪ್ರಮಾಣ, ಪಾವತಿ, ಅವಧಿ ಎಂಬ ಎಂಟು ಅಂಶಗಳೂ ಇವೆ. ಕೊನೆಯ ವಾಕ್ಯ ಅತ್ಯಂತ ಮುಖ್ಯವಾದದ್ದು. ಇದು ಪ್ರಸ್ತಾವಕ್ಕೆ ಆಹ್ವಾನವೇ ಹೊರತು ಅಂತಿಮ ಮಾತಲ್ಲ ಎಂಬುದನ್ನು ಅದು ತಿಳಿಸುತ್ತದೆ. ನೂಲಿನ ಬೆಲೆ ರಾತ್ರೋರಾತ್ರಿ ಏರಿದಾಗ ತಯಾರಕನನ್ನು ಕಾಪಾಡುವುದು ಈ ವಾಕ್ಯವೇ. ಅಂತೆಯೇ ಇತರರ ಕೊಟೇಶನ್ ನಮಗೆ ಬಂದಾಗ ಚಿಹ್ನೆ ಒತ್ತುವ ಬದಲು "ದರಪಟ್ಟಿ ತಲುಪಿತು. ಪರಿಶೀಲಿಸಿ ತಿಳಿಸುತ್ತೇವೆ" ಎಂದು ಬರೆಯುವುದು ಕ್ಷೇಮ.

ಚಿಲ್ಲರೆ ಗ್ರಾಹಕರಿಗೆ ಬರೆಯುವಾಗ ಕ್ರಮ ಬೇರೆ. ಪೊಟ್ಟಣದ ಸರಕುಗಳ ಗರಿಷ್ಠ ಚಿಲ್ಲರೆ ಬೆಲೆ ಎಲ್ಲ ತೆರಿಗೆಗಳನ್ನೂ ಒಳಗೊಂಡಿರಬೇಕು. ಅದರ ಮೇಲೆ ಜಿ.ಎಸ್.ಟಿ. ಪ್ರತ್ಯೇಕವೆಂದು ಬರೆಯುವಂತಿಲ್ಲ. ಕಾಂಪೊಸಿಷನ್ ಪದ್ಧತಿಯಲ್ಲಿರುವ ವರ್ತಕರಂತೂ ಗ್ರಾಹಕರಿಂದ ತೆರಿಗೆ ವಸೂಲು ಮಾಡುವಂತೆಯೇ ಇಲ್ಲ. ಅಂಥವರ ಜಾಲತಾಣದ ದರಪಟ್ಟಿಯಲ್ಲಿ "ಟ್ಯಾಕ್ಸ್ ಎಕ್ಸ್‌ಟ್ರಾ" ಎಂದು ಕಂಡುಬಂದರೆ ತಾವೇ ತಮ್ಮ ವಿರುದ್ಧ ಸಾಕ್ಷ್ಯ ಒದಗಿಸಿದಂತಾಗುತ್ತದೆ. ದರಕ್ಕಾಗಿ ಕಾದಿರುವ ಗ್ರಾಹಕರಿಗೆ ಬೆಲೆ ಹೇಳದೆ ಪ್ರತಿಯೊಬ್ಬರಿಗೂ "ಇನ್‌ಬಾಕ್ಸ್ ನೋಡಿ" ಎನ್ನುವ ರೂಢಿಯೂ ವಿಶ್ವಾಸವನ್ನು ಬೆಳೆಸುವುದಿಲ್ಲ.

ಸರಕಿನ ಗುಣವರ್ಣನೆಯ ಎಲ್ಲೆ

ತನ್ನ ಮಾಲನ್ನು ಹೊಗಳುವುದು ವರ್ತಕನ ಸಹಜ ಧರ್ಮ. ಆದರೆ ಪರೀಕ್ಷಿಸಿ ತಿಳಿಯಬಹುದಾದ ಸಂಗತಿಯನ್ನು ಆಧಾರವಿಲ್ಲದೆ ಹೇಳಿದಾಗ ಅದು ಹೊಗಳಿಕೆಯಾಗಿ ಉಳಿಯದು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಲ್ಲಿ ಜಾಹೀರಾತು ಎಂಬ ಪದದ ವ್ಯಾಖ್ಯೆ ಅಂತರ್ಜಾಲದ ಪ್ರಕಟಣೆಯನ್ನೂ ಒಳಗೊಂಡಿದೆ. ಸುಳ್ಳು ಅಥವಾ ದಾರಿತಪ್ಪಿಸುವ ಜಾಹೀರಾತಿಗೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 10 ಲಕ್ಷ ರೂಪಾಯಿಯವರೆಗೆ, ಪುನರಾವರ್ತನೆಯಾದರೆ 50 ಲಕ್ಷ ರೂಪಾಯಿಯವರೆಗೆ ದಂಡ ವಿಧಿಸಬಹುದು. 2022ರ ಜೂನ್‌ನಲ್ಲಿ ಹೊರಬಿದ್ದ ಮಾರ್ಗಸೂಚಿಗಳ ಪ್ರಕಾರ, ಸಾಕಷ್ಟು ದಾಸ್ತಾನಿಲ್ಲದೆ ಕಡಿಮೆ ಬೆಲೆಯ ಆಮಿಷವೊಡ್ಡಿ ಗ್ರಾಹಕರನ್ನು ಸೆಳೆಯುವಂತಿಲ್ಲ. ಜಾಹೀರಾತಿನ ಹೇಳಿಕೆ ಯಾವ ಭಾಷೆಯಲ್ಲಿದೆಯೋ ಷರತ್ತೂ ಅದೇ ಭಾಷೆಯಲ್ಲಿರಬೇಕು ಎಂಬುದು ಅದೇ ಮಾರ್ಗಸೂಚಿಯ ಇನ್ನೊಂದು ಅಂಶ. ಕನ್ನಡದಲ್ಲಿ "ಶೇ. 50 ರಿಯಾಯಿತಿ" ಎಂದು ದೊಡ್ಡದಾಗಿ ಬರೆದು, ಕೆಳಗೆ ಕಾಣದಷ್ಟು ಚಿಕ್ಕ ಇಂಗ್ಲಿಷ್ ಅಕ್ಷರದಲ್ಲಿ ಷರತ್ತು ಹಾಕುವವರು ಇದನ್ನು ಗಮನಿಸಬೇಕು.

ನಮ್ಮ ರಾಜ್ಯದ ಸರಕುಗಳಿಗೆ ಸಂಬಂಧಿಸಿದ ಕೆಲವು ಸಂಗತಿಗಳು ವಿಶೇಷ ಗಮನಕ್ಕೆ ಅರ್ಹವಾಗಿವೆ. ಬ್ಯಾಡಗಿ ಮೆಣಸಿನಕಾಯಿ, ಇಳಕಲ್ ಸೀರೆ, ಚನ್ನಪಟ್ಟಣದ ಗೊಂಬೆ, ಮೈಸೂರು ರೇಷ್ಮೆ ಮುಂತಾದವು ಭೌಗೋಳಿಕ ಸೂಚಿಯಡಿ ನೋಂದಣಿಯಾದ ಹೆಸರುಗಳು. ಬೇರೆಡೆಯ ಮಾಲಿಗೆ ಈ ಹೆಸರು ಅಂಟಿಸಿ ಮಾರುವುದು 1999ರ ಕಾಯಿದೆಯಂತೆ ಅಪರಾಧ. ಆರು ತಿಂಗಳಿಂದ ಮೂರು ವರ್ಷದವರೆಗೆ ಸೆರೆವಾಸ, 50,000ದಿಂದ 2 ಲಕ್ಷ ರೂಪಾಯಿಯವರೆಗೆ ದಂಡ ಇದೆ. ಅನ್ಯ ರಾಜ್ಯದ ಮೆಣಸಿನಕಾಯಿಯ ಪುಡಿಗೆ "ಅಪ್ಪಟ ಬ್ಯಾಡಗಿ" ಎಂದು ಸ್ಟೇಟಸ್ ಹಾಕುವುದು ಕೇವಲ ಸಣ್ಣ ಅತಿಶಯೋಕ್ತಿಯಲ್ಲ. ಚಿನ್ನದ ವ್ಯಾಪಾರಿಗಳು 916 ಎಂದು ಬರೆದರೆ ಆಭರಣದ ಮೇಲೆ 2023ರ ಏಪ್ರಿಲ್ 1ರಿಂದ ಕಡ್ಡಾಯವಾಗಿರುವ ಆರು ಅಂಕಾಕ್ಷರಗಳ ಹಾಲ್‌ಮಾರ್ಕ್ ಗುರುತಿನ ಸಂಖ್ಯೆಯೂ ಇರಬೇಕು. ರೇಷ್ಮೆ ಎಂದು ಬರೆಯುವವರ ಬಳಿ ಸಿಲ್ಕ್ ಮಾರ್ಕ್ ಇದ್ದರೆ ಅದರ ಚಿತ್ರವೇ ಹತ್ತು ವಿಶೇಷಣಗಳಿಗಿಂತ ಮಿಗಿಲು.

ಆಹಾರ ಪದಾರ್ಥಗಳ ತಯಾರಕರು ಮತ್ತಷ್ಟು ಎಚ್ಚರದಿಂದಿರಬೇಕು. ಆಹಾರ ಸುರಕ್ಷತಾ ಪ್ರಾಧಿಕಾರದ 2018ರ ನಿಯಮಾವಳಿಯು "ಶುದ್ಧ", "ತಾಜಾ", "ನೈಸರ್ಗಿಕ", "ಸಾಂಪ್ರದಾಯಿಕ" ಎಂಬಂಥ ಪದಗಳ ಬಳಕೆಗೂ ಷರತ್ತು ವಿಧಿಸಿದೆ. ದಾರಿತಪ್ಪಿಸುವ ಜಾಹೀರಾತಿಗೆ 2006ರ ಕಾಯಿದೆಯಡಿ 10 ಲಕ್ಷ ರೂಪಾಯಿಯವರೆಗೆ ದಂಡವಿದೆ. ಸಿರಿಧಾನ್ಯದ ಹಿಟ್ಟು ಅಥವಾ ಕಷಾಯದ ಪುಡಿ ಮಾರುವಾಗ "ಸಕ್ಕರೆ ಕಾಯಿಲೆ ಸಂಪೂರ್ಣ ಗುಣ" ಎಂದು ಬರೆದರೆ 1954ರ ಔಷಧ ಮತ್ತು ಮಾಂತ್ರಿಕ ಚಿಕಿತ್ಸೆಗಳ ಆಕ್ಷೇಪಾರ್ಹ ಜಾಹೀರಾತು ಕಾಯಿದೆಯೂ ಅನ್ವಯವಾಗಬಹುದು. ಅಲ್ಲಿನ ರೋಗಗಳ ಪಟ್ಟಿಯಲ್ಲಿ ಮಧುಮೇಹವೂ ಇದೆ. ಇಂತಹ ಕಡೆ ಪದಾರ್ಥಗಳ ಪಟ್ಟಿ, ತಯಾರಿಕೆಯ ದಿನಾಂಕ, ಬಳಸುವ ವಿಧಾನ, ಪರವಾನಗಿ ಸಂಖ್ಯೆ ಇಷ್ಟನ್ನೇ ಸ್ಪಷ್ಟವಾಗಿ ಬರೆದರೆ ಗ್ರಾಹಕನಿಗೆ ಹೆಚ್ಚಿನ ನಂಬಿಕೆ ಹುಟ್ಟುತ್ತದೆ.

ಮನೆಯವರಿಂದಲೋ ನೌಕರರಿಂದಲೋ ಗ್ರಾಹಕರ ಹೆಸರಿನಲ್ಲಿ ಮೆಚ್ಚುಗೆ ಬರೆಯಿಸುವುದು ಸಹ ಸಲ್ಲದು. ಆನ್‌ಲೈನ್ ಮಾರುಕಟ್ಟೆಗಳಲ್ಲಿ ಮಾರುವವರು ಗ್ರಾಹಕರ ವೇಷದಲ್ಲಿ ವಿಮರ್ಶೆ ಬರೆಯುವುದನ್ನು 2020ರ ಇ-ವಾಣಿಜ್ಯ ನಿಯಮಗಳು ಸ್ಪಷ್ಟವಾಗಿ ನಿಷೇಧಿಸಿವೆ.

ದೂರಿಗೆ ಉತ್ತರ

ಅಂಗಡಿಗೆ ಬಂದು ದೂರುವ ಗಿರಾಕಿಯ ಮಾತನ್ನು ನಾಲ್ಕು ಜನ ಕೇಳಿದರೆ, ಜಾಲತಾಣದ ದೂರನ್ನು ನಾಲ್ಕು ಸಾವಿರ ಜನ ಓದಬಹುದು. ಇಲ್ಲಿ ಉತ್ತರ ಕೊಡುವುದು ದೂರು ಕೊಟ್ಟವನಿಗೆ ಮಾತ್ರವಲ್ಲ, ಮೌನವಾಗಿ ಓದುತ್ತಿರುವ ಭಾವೀ ಗ್ರಾಹಕರಿಗೂ ಹೌದು. ಮಿಕ್ಸರ್ ತಯಾರಕರೊಬ್ಬರಿಗೆ "ಒಂದೇ ವಾರದಲ್ಲಿ ಮೋಟಾರ್ ಕೆಟ್ಟಿತು, ಮೋಸಗಾರರು" ಎಂಬ ದೂರು ಬಂದಿತೆನ್ನೋಣ. "ನೀವು ಬಳಸಲು ತಿಳಿಯದೆ ಕೆಡಿಸಿದ್ದೀರಿ" ಎಂಬ ಉತ್ತರ ನಿಜವೇ ಇರಬಹುದು. ಆದರೂ ಅದು ಗಿರಾಕಿಯನ್ನು ಕಳೆದುಕೊಳ್ಳುವ ಉತ್ತರ. "ನಿಮಗಾದ ತೊಂದರೆ ತಿಳಿಯಿತು. ಬಿಲ್ಲಿನ ಸಂಖ್ಯೆಯನ್ನು ನಮ್ಮ ಕಚೇರಿಯ ದೂರವಾಣಿಗೆ ತಿಳಿಸಿ. ನಾಳೆ ಸಂಜೆಯೊಳಗೆ ನಮ್ಮ ಮೆಕ್ಯಾನಿಕ್ ನೋಡಿ ವರದಿ ಕೊಡುತ್ತಾರೆ. ವಾರಂಟಿಯ ನಿಯಮದಂತೆ ಕ್ರಮ ಕೈಗೊಳ್ಳುತ್ತೇವೆ" ಎಂಬ ಉತ್ತರದಲ್ಲಿ ಸೌಜನ್ಯವಿದೆ, ಕಾಲಮಿತಿಯಿದೆ, ಪರೀಕ್ಷೆಗೆ ಮುನ್ನವೇ ತಪ್ಪೊಪ್ಪಿಕೊಳ್ಳುವ ಅವಸರವಿಲ್ಲ. ಕೆಲಸ ಮುಗಿದ ಮೇಲೆ ಅದೇ ಜಾಗದಲ್ಲಿ "ದೂರು ಬಗೆಹರಿದಿದೆ" ಎಂದು ಒಂದು ಸಾಲು ಬರೆಯುವುದನ್ನು ಮರೆಯಬಾರದು. ಕೋಪ ಬಂದ ಗಳಿಗೆಯಲ್ಲಿ ಬರೆದ ಉತ್ತರವನ್ನು ಮರುದಿನ ಬೆಳಿಗ್ಗೆ ಕಳುಹಿಸುವುದು ಉತ್ತಮ. ಬಹುಪಾಲು ಅದನ್ನು ಕಳುಹಿಸುವ ಅಗತ್ಯವೇ ಬೀಳುವುದಿಲ್ಲ.

ಬಾಕಿದಾರರ ಹೆಸರು ಬಯಲಿಗೆಳೆಯುವ ಮುನ್ನ

ನಮ್ಮ ವರ್ತಕ ಬಂಧುಗಳು ಹೆಚ್ಚಾಗಿ ಎಡವುವುದು ಈ ವಿಷಯದಲ್ಲಿ. ಉದ್ರಿ ಕೊಟ್ಟ ಹಣ ಬಾರದಿದ್ದಾಗ ನೋವಾಗುವುದು ಸಹಜ. ಆ ನೋವಿನಲ್ಲಿ ವ್ಯಾಪಾರಿಗಳ ವಾಟ್ಸ್ಆ್ಯಪ್ ಗುಂಪಿನಲ್ಲಿ ಬಾಕಿದಾರನ ಭಾವಚಿತ್ರ ಹಾಕಿ "ಈತ ವಂಚಕ, ಯಾರೂ ಮಾಲು ಕೊಡಬೇಡಿ" ಎಂದು ಬರೆಯುವವರಿದ್ದಾರೆ. ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮಿನಂತೆ ಮಾನಹಾನಿ ಎರಡು ವರ್ಷದವರೆಗೆ ಶಿಕ್ಷಾರ್ಹ ಅಪರಾಧ. ಹಣ ಬರಬೇಕಾದವನೇ ಆರೋಪಿಯಾಗಿ ನಿಲ್ಲುವ ಸ್ಥಿತಿ ಇದರಿಂದ ಉಂಟಾಗುತ್ತದೆ. ವಸೂಲಿಯ ಮೊಕದ್ದಮೆಗೆ ಪ್ರತಿಯಾಗಿ ಮಾನಹಾನಿಯ ಮೊಕದ್ದಮೆ ಹೂಡಿ ರಾಜಿಗೆ ಒತ್ತಡ ತರಲು ಬಾಕಿದಾರನಿಗೆ ನಾವೇ ಅಸ್ತ್ರ ಒದಗಿಸಿದಂತೆ.

ಇದಕ್ಕಿಂತ ಬಲವಾದ ಉಪಾಯಗಳು ಕಾನೂನಿನಲ್ಲಿಯೇ ಇವೆ. 2006ರ ಎಂ.ಎಸ್.ಎಂ.ಇ. ಅಭಿವೃದ್ಧಿ ಕಾಯಿದೆಯಂತೆ ಅತಿ ಸಣ್ಣ ಮತ್ತು ಸಣ್ಣ ಉದ್ಯಮಗಳಿಂದ ಮಾಲು ಅಥವಾ ಸೇವೆ ಪಡೆದವರು ಒಪ್ಪಂದವಿದ್ದರೆ ಆ ಅವಧಿಯೊಳಗೆ, ಅದೂ 45 ದಿನಗಳಿಗೆ ಮೀರದಂತೆ, ಒಪ್ಪಂದವಿಲ್ಲದಿದ್ದರೆ 15 ದಿನಗಳೊಳಗೆ ಹಣ ಕೊಡಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಸಲ್ಲುತ್ತದೆ. ಸರ್ಕಾರದ ಪೋರ್ಟಲ್ ಮೂಲಕ ದೂರು ಸಲ್ಲಿಸಬಹುದು. 2024-25ರ ಕರನಿರ್ಧಾರಣಾ ವರ್ಷದಿಂದ, ಹೀಗೆ ತಡಮಾಡಿದ ಹಣವನ್ನು ನಿಜವಾಗಿ ಪಾವತಿಸಿದ ವರ್ಷದಲ್ಲಿ ಮಾತ್ರ ಖರೀದಿದಾರರು ಆದಾಯ ತೆರಿಗೆಯಲ್ಲಿ ವೆಚ್ಚವೆಂದು ಕಳೆಯಬಹುದು. "ನಮ್ಮ ಉದ್ಯಮ್ ನೋಂದಣಿ ಸಂಖ್ಯೆ ಇಂತಿದೆ. ಬಿಲ್ಲಿನ 45 ದಿನಗಳು ಇಂಥ ದಿನಾಂಕಕ್ಕೆ ಮುಗಿಯುತ್ತವೆ" ಎಂಬ ಎರಡು ಸಾಲಿನ ಖಾಸಗಿ ಸಂದೇಶವು ಗುಂಪಿನಲ್ಲಿ ಮಾಡುವ ಅವಮಾನಕ್ಕಿಂತ ಬೇಗ ಫಲ ನೀಡುತ್ತದೆ. ಆದರೆ ಈ ರಕ್ಷಣೆ ತಯಾರಕರಿಗೆ ಮತ್ತು ಸೇವಾ ಉದ್ಯಮಗಳಿಗೆ ಮಾತ್ರ. 2021ರ ಜುಲೈನಿಂದ ಚಿಲ್ಲರೆ ಮತ್ತು ಸಗಟು ವರ್ತಕರಿಗೂ ಉದ್ಯಮ್ ನೋಂದಣಿ ದೊರೆತಿದ್ದರೂ ಅದು ಆದ್ಯತಾ ವಲಯದ ಸಾಲದ ಮಟ್ಟಿಗೆ ಸೀಮಿತವಾಗಿದೆ.

ವರ್ತಕರು ಕಾಲಮಿತಿ ಕಾಯಿದೆಯನ್ನು ನೆನಪಿನಲ್ಲಿಡಬೇಕು. ಮಾಲಿನ ಬಾಕಿಗೆ ಸಾಮಾನ್ಯವಾಗಿ ಮೂರು ವರ್ಷಗಳ ಅವಧಿ. ಅದು ಮುಗಿಯುವ ಮುನ್ನ ಬಾಕಿದಾರನು ಬರವಣಿಗೆಯಲ್ಲಿ ಸಹಿಯೊಡನೆ ಬಾಕಿಯನ್ನು ಒಪ್ಪಿಕೊಂಡರೆ ಹೊಸದಾಗಿ ಅವಧಿ ಆರಂಭವಾಗುತ್ತದೆ. "ಆಯ್ತಣ್ಣ, ದೀಪಾವಳಿಗೆ ಕೊಡ್ತೀನಿ" ಎಂಬ ಮೊಬೈಲ್ ಸಂದೇಶವನ್ನೇ ನಂಬಿ ಕೂಡುವುದು ಕ್ಷೇಮವಲ್ಲ. ಅದರಲ್ಲಿ ಮೊತ್ತವೂ ಇಲ್ಲ, ಸಹಿಯ ಪ್ರಶ್ನೆಯೂ ವಾದಕ್ಕೆ ಎಡೆಮಾಡುತ್ತದೆ. ಪ್ರತಿ ವರ್ಷ ಮಾರ್ಚ್ 31ಕ್ಕೆ ಬಾಕಿ ದೃಢೀಕರಣ ಪತ್ರಕ್ಕೆ ಸಹಿ ಪಡೆಯುವ ಹಳೆಯ ಪದ್ಧತಿಯನ್ನು ಕೈಬಿಡಬಾರದು.

ಅಂಕಿಅಂಶ, ಆಡಂಬರ ಮತ್ತು ಗ್ರಾಹಕರ ಮಾಹಿತಿ

"ಒಂದೇ ದಿನದಲ್ಲಿ ಹತ್ತು ಲಕ್ಷ ವ್ಯಾಪಾರ" ಎಂದು ಹೆಮ್ಮೆಯಿಂದ ಪ್ರಕಟಿಸಿ, ರಿಟರ್ನಿನಲ್ಲಿ ಅದರ ಅರ್ಧವನ್ನೂ ತೋರಿಸದಿದ್ದರೆ ಕೇಳುವವರಿಗೆ ಉತ್ತರ ಕೊಡಬೇಕಾಗುತ್ತದೆ. 2025ರ ಜುಲೈನಲ್ಲಿ ಯು.ಪಿ.ಐ. ಮೂಲಕ ಬಂದ ಹಣದ ಮಾಹಿತಿಯನ್ನು ಆಧರಿಸಿ ನಮ್ಮ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಅನೇಕ ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕಳುಹಿಸಿದ್ದನ್ನು ಓದುಗರು ಬಲ್ಲರು. 2026ರ ಏಪ್ರಿಲ್ 1ರಿಂದ ಅನ್ವಯವಾಗುವಂತೆ ರೂಪಿಸಲಾದ 2025ರ ಆದಾಯ ತೆರಿಗೆ ಕಾಯಿದೆಯು ಶೋಧನೆಯ ಸಂದರ್ಭದಲ್ಲಿ ಇ-ಮೇಲ್, ಸಾಮಾಜಿಕ ಜಾಲತಾಣದ ಖಾತೆ ಮುಂತಾದುವನ್ನೂ ಪರಿಶೀಲಿಸುವ ಅಧಿಕಾರವನ್ನು ಸ್ಪಷ್ಟವಾಗಿ ಹೆಸರಿಸಿದೆ. ಲೆಕ್ಕದ ಪುಸ್ತಕ, ರಿಟರ್ನು, ಜಾಲತಾಣದ ಮಾತು ಈ ಮೂರೂ ಒಂದೇ ಸಂಖ್ಯೆಯನ್ನು ಹೇಳಬೇಕು.

ಗ್ರಾಹಕರ ಬಿಲ್ಲು, ವಿಳಾಸ, ದೂರವಾಣಿ ಸಂಖ್ಯೆ ಕಾಣುವಂತೆ ಚಿತ್ರ ಹಾಕುವುದು, ಅವರ ಅನುಮತಿಯಿಲ್ಲದೆ ಪ್ರಚಾರ ಗುಂಪಿಗೆ ಸೇರಿಸುವುದು ಸಭ್ಯತೆಯೂ ಅಲ್ಲ, ಮುಂದೆ ಕ್ಷೇಮವೂ ಅಲ್ಲ. ವೈಯಕ್ತಿಕ ದತ್ತಾಂಶ ಸಂರಕ್ಷಣೆಯ ಕಾಯಿದೆ 2023ರಲ್ಲಿ ಅಂಗೀಕಾರವಾಗಿ, ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿವೆ. ಹೊಣೆಗಾರಿಕೆಗಳು ಹಂತಹಂತವಾಗಿ ಜಾರಿಗೆ ಬರುವಂತೆ ವಿಧಿಸಲಾಗಿದೆ.

ಪ್ರಚಾರದ ಖರ್ಚಿಗೂ ಲೆಕ್ಕವಿರಲಿ. ಜಾಲತಾಣದ ಜಾಹೀರಾತಿಗೆ ಹಣ ಕಟ್ಟುವಾಗ ತಮ್ಮ ಜಿ.ಎಸ್.ಟಿ. ಸಂಖ್ಯೆಯನ್ನು ನಮೂದಿಸಿ ಇನ್‌ವಾಯ್ಸ್ ಪಡೆಯದಿದ್ದರೆ ಹೂಡುವಳಿ ತೆರಿಗೆ ಜಮೆ ಕೈತಪ್ಪುತ್ತದೆ. ಉಚಿತ ಸ್ಯಾಂಪಲ್ ಆಗಿ ಕೊಟ್ಟ ಸರಕಿನ ಮೇಲಿನ ತೆರಿಗೆ ಜಮೆಯೂ ದೊರೆಯದು. ಪ್ರಚಾರ ಮಾಡಿದವರಿಗೆ ಹಣದ ಬದಲು ಸರಕನ್ನೇ ಬಿಟ್ಟುಕೊಟ್ಟರೆ, ವರ್ಷಕ್ಕೆ 20,000 ರೂಪಾಯಿ ಮೀರಿದಾಗ ಮೂಲದಲ್ಲಿ ಶೇ. 10 ತೆರಿಗೆ ಕಡಿತದ ನಿಯಮ 2022ರ ಜುಲೈ 1ರಿಂದ ಬಂದಿದೆ. ವಹಿವಾಟು ಒಂದು ಕೋಟಿ ಮೀರದ ವೈಯಕ್ತಿಕ ವ್ಯಾಪಾರಿಗಳಿಗೆ ಇದರಿಂದ ವಿನಾಯಿತಿ ಇದೆ.

ಹಾಗಾದರೆ ಏನನ್ನು ಬರೆಯಬೇಕು?

ಇಷ್ಟು ಎಚ್ಚರಿಕೆಗಳನ್ನು ಓದಿದವರು ಬರೆಯದಿರುವುದೇ ಲೇಸೆಂದು ಭಾವಿಸಬಾರದು. ಬರೆಯಬೇಕಾದದ್ದು ಬಹಳವಿದೆ, ಅದನ್ನು ಬರೆಯಬಲ್ಲವನು ವ್ಯಾಪಾರಿಯೇ. ಮೆಣಸಿನಕಾಯಿಯ ಕಡ್ಡಿ ಮತ್ತು ಡಬ್ಬಿ ತಳಿಗಳಲ್ಲಿ ಬಣ್ಣಕ್ಕೆ ಯಾವುದು ಮೇಲು, ಬೇಳೆಗೆ ಹುಳು ಬೀಳದಂತೆ ಮನೆಯಲ್ಲಿ ಇಡುವುದು ಹೇಗೆ, ಪಂಪಿನ ಮೋಟಾರು ಸುಡಲು ಕಾರಣವೇನು, ರೇಷ್ಮೆ ಸೀರೆಯನ್ನು ಎಷ್ಟು ದಿನಕ್ಕೊಮ್ಮೆ ಮಡಿಕೆ ಬದಲಿಸಬೇಕು, ಇವೆಲ್ಲ ಅಂಗಡಿಯಲ್ಲಿ ದಿನವೂ ಕೇಳುವ ಪ್ರಶ್ನೆಗಳು. ಇವಕ್ಕೆ ವಾರಕ್ಕೊಂದರಂತೆ ಹತ್ತು ಸಾಲಿನ ಉತ್ತರ ಬರೆದರೆ ವರ್ಷಕ್ಕೆ ಐವತ್ತು ಉಪಯುಕ್ತ ಬರಹಗಳಾಗುತ್ತವೆ. ಬೆಳಿಗ್ಗೆ ಎದ್ದೊಡನೆ ಕಳುಹಿಸುವ ಶುಭೋದಯದ ಚಿತ್ರಗಳಿಗಿಂತ ಇವು ಗ್ರಾಹಕನ ನೆನಪಿನಲ್ಲಿ ಉಳಿಯುತ್ತವೆ. ಸಗಟು ಖರೀದಿದಾರರನ್ನೂ ಕಂಪನಿಗಳನ್ನೂ ಉದ್ದೇಶಿಸಿದಾಗ ಲಿಂಕ್ಡ್‌ಇನ್‌ನಲ್ಲಿ ಯಂತ್ರದ ಸಾಮರ್ಥ್ಯ, ಪಡೆದ ಪ್ರಮಾಣಪತ್ರ, ಪೂರೈಸಿದ ಕೆಲಸದ ಸ್ವರೂಪ ಇವುಗಳನ್ನು ಅಚ್ಚುಕಟ್ಟಾಗಿ ಬರೆಯಬೇಕು. ಖರೀದಿದಾರರ ಹೆಸರು ಹಾಕುವ ಮುನ್ನ ಅವರ ಒಪ್ಪಿಗೆ ಪಡೆಯಬೇಕು.

ಭಾಷೆಯ ವಿಷಯದಲ್ಲಿ ಅಳುಕು ಬೇಡ. ಗಿರಾಕಿ ಕನ್ನಡದಲ್ಲಿ ಕೇಳಿದರೆ ಕನ್ನಡದಲ್ಲಿಯೇ, ಕನ್ನಡ ಲಿಪಿಯಲ್ಲಿಯೇ ಉತ್ತರಿಸಬಹುದು. ಇಂದಿನ ಬಹುತೇಕ ಮೊಬೈಲ್‌ಗಳಲ್ಲಿ ಆ ಸೌಲಭ್ಯವಿದೆ. ವಾಕ್ಯಗಳು ಚಿಕ್ಕದಾಗಿರಲಿ, ಸಂಖ್ಯೆಗಳು ಖಚಿತವಾಗಿರಲಿ, ಆಶ್ಚರ್ಯಸೂಚಕ ಚಿಹ್ನೆಗಳು ಕಡಿಮೆಯಿರಲಿ. ಬೇರೆಯವರು ತೆಗೆದ ಚಿತ್ರ, ಚಲನಚಿತ್ರ ಗೀತೆಗಳನ್ನು ಅನುಮತಿಯಿಲ್ಲದೆ ಬಳಸಿದರೆ ಕೃತಿಸ್ವಾಮ್ಯದ ತೊಡಕು ಬರುತ್ತದೆ. ರಾಜಕೀಯ, ಜಾತಿ, ಧರ್ಮದ ವಾಗ್ವಾದಗಳನ್ನು ವ್ಯಾಪಾರದ ಖಾತೆಯಿಂದ ದೂರವಿಡಬೇಕು. ಅಂಗಡಿಯ ಬಾಗಿಲು ಎಲ್ಲರಿಗೂ ತೆರೆದಿರುವಂತೆಯೇ ಅಂಗಡಿಯ ಖಾತೆಯೂ ಇರಬೇಕು.

ಕಚೇರಿಯಲ್ಲಿ ಪಾಲಿಸಬೇಕಾದ ಶಿಸ್ತು

1. ವ್ಯಾಪಾರಕ್ಕೆ ಪ್ರತ್ಯೇಕ ಮೊಬೈಲ್ ಸಂಖ್ಯೆಯೂ ಪ್ರತ್ಯೇಕ ಖಾತೆಯೂ ಇರಲಿ. 2018ರಿಂದ ದೊರೆಯುತ್ತಿರುವ ವಾಟ್ಸ್ಆ್ಯಪ್ ಬಿಸಿನೆಸ್‌ನಲ್ಲಿ ಸರಕಿನ ಪಟ್ಟಿ, ಸಿದ್ಧ ಉತ್ತರ, ಕೆಲಸದ ವೇಳೆ ತಿಳಿಸುವ ಸೌಲಭ್ಯಗಳಿವೆ.

2. ದರ ತಿಳಿಸುವ, ಆರ್ಡರ್ ಒಪ್ಪುವ ಅಧಿಕಾರ ಯಾರಿಗೆಂದು ಬರವಣಿಗೆಯಲ್ಲಿ ನಿರ್ಧರಿಸಿರಿ. 1932ರ ಪಾಲುದಾರಿಕೆ ಕಾಯಿದೆಯಂತೆ ಸಂಸ್ಥೆಯ ವ್ಯವಹಾರದಲ್ಲಿ ಪ್ರತಿಯೊಬ್ಬ ಪಾಲುದಾರನೂ ಸಂಸ್ಥೆಯ ಏಜೆಂಟ್. ಒಬ್ಬರು ಕಳುಹಿಸಿದ ಸಂದೇಶ ಎಲ್ಲರನ್ನೂ ಬಂಧಿಸಬಹುದು.

3. ಖಾತೆಯ ಪಾಸ್‌ವರ್ಡ್ ಮಾಲೀಕರ ಬಳಿಯೂ ಇರಲಿ. ಕೆಲಸ ಬಿಟ್ಟು ಹೋಗುವ ನೌಕರನಿಂದ ಬೀಗದಕೈ ಪಡೆಯುವಂತೆ ಇದನ್ನೂ ಪಡೆದು ಬದಲಿಸಿರಿ.

4. ಮುಖ್ಯ ಆರ್ಡರ್‌ಗಳನ್ನು ಇ-ಮೇಲ್ ಅಥವಾ ಸಹಿ ಮಾಡಿದ ಪತ್ರದ ಮೂಲಕ ದೃಢಪಡಿಸಿ, ಬಿಲ್ಲಿನೊಡನೆ ಫೈಲು ಮಾಡಿರಿ.

5. ಗ್ರಾಹಕರ ಪಟ್ಟಿಯ ಪ್ರತಿಯನ್ನು ನಿಮ್ಮ ಬಳಿ ಇಟ್ಟುಕೊಳ್ಳಿರಿ. ಆರ್ಕುಟ್ 2014ರಲ್ಲಿ ಮುಚ್ಚಿತು. 2020ರ ಜೂನ್ 29ರಂದು ಟಿಕ್‌ಟಾಕ್ ನಿಷೇಧವಾದಾಗ ಅದನ್ನೇ ನಂಬಿದ್ದವರ ಪ್ರಚಾರ ಒಂದೇ ದಿನದಲ್ಲಿ ನಿಂತಿತು. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ವಾಟ್ಸ್ಆ್ಯಪ್, ಇನ್‌ಸ್ಟಾಗ್ರಾಂ ಮೂರೂ ಸುಮಾರು ಆರು ಗಂಟೆ ಸ್ತಬ್ಧವಾಗಿದ್ದವು.

ಬ್ಯಾಂಕುಗಳು ಸಾಲ ಕೊಡುವಾಗ ಅಡಮಾನ ಕೇಳುತ್ತವೆ. ಪೇಟೆ ಉದ್ರಿ ಕೊಡುವಾಗ ಪತ್ತು ನೋಡುತ್ತದೆ. ಪತ್ತು ಎಂದರೆ ಆಡಿದ ಮಾತಿಗೂ ಮಾಡಿದ ಕೆಲಸಕ್ಕೂ ತಾಳೆಯಾಗುವುದು. ಹಿಂದಿನವರು ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಎಚ್ಚರಿಸುತ್ತಿದ್ದರು. ಇಂದಿನ ಬರಹ ಹೋಗುವುದಲ್ಲ, ಉಳಿಯುವುದು; ನಮ್ಮ ಪರವಾಗಿಯೂ ಉಳಿಯಬಲ್ಲದು, ವಿರುದ್ಧವಾಗಿಯೂ ಉಳಿಯಬಲ್ಲದು. ಕಳುಹಿಸುವ ಗುಂಡಿಯನ್ನು ಒತ್ತುವ ಮುನ್ನ, ಇದೇ ಮಾತನ್ನು ಸಂಸ್ಥೆಯ ಮೊಹರು ಹಾಕಿ ಕೊಡುವೆನೆ ಎಂದು ಒಂದು ಕ್ಷಣ ಕೇಳಿಕೊಳ್ಳುವ ವರ್ತಕನಿಗೆ ಸಾಮಾಜಿಕ ಜಾಲತಾಣವು ಖರ್ಚಿಲ್ಲದ ಒಳ್ಳೆಯ ಗುಮಾಸ್ತನಾಗಿ ಸೇವೆ ಸಲ್ಲಿಸುತ್ತದೆ.